ಚಂಪಾಬಾಯಿಯ ಒಳಗಿವಿ

ಧಾರವಾಡದ ಸ್ಟುಡಿಯೋದಲ್ಲಿ ವಿಲಾಸ ಇನಾಮದಾರ ಗಾಯಕಿ ಚಂಪಾಬಾಯಿಯ ಕಿವಿಯ ಹಿಂದೆ ಒಳಗಿವಿ ಎಂಬ ಪುಟ್ಟ ಯಂತ್ರ ಅಂಟಿಸಿದ. ಈಗಿನ ಸಾಕ್ಷ್ಯಚಿತ್ರಗಳೆಲ್ಲ ಹೀಗೇ. ಮುಖದ ಜೊತೆಗೆ ತಲೆಯೊಳಗಿನ ದನಿಗಳೂ ನೋಡುಗರಿಗೆ ಕೇಳಿಸುತ್ತವೆ. ಇವತ್ತು ನೇರಪ್ರಸಾರ ಬೇರೆ.

ಒಳಗಿವಿ ಇಲ್ಲದ ಕಾಲದಲ್ಲೂ ವಿಲಾಸ ಅವಳ ಚಿತ್ರ ತೆಗೆದಿದ್ದ. ಹಾಡನ್ನೆಲ್ಲ ಕತ್ತರಿಸಿ, ತಲೆಯೊಳಗಿನ ದನಿಗಳಿಗೆ ಹೆದರಿ ಅವಳು ಕಿರುಚಿದ್ದನ್ನಷ್ಟೇ ಉಳಿಸಿದ್ದ. ಆಮೇಲೆ ಯಾರೂ ಅವಳನ್ನು ಹಾಡಿನ ಬೈಠಕ್ಕಿಗೆ ಕರೆಯಲಿಲ್ಲ.

"ಬಾಯಾರ, ಒಳಗ ಯಾರ್‍ಯಾರು ಮಾತಾಡ್ಲಿಕತ್ತಾರ್ರೀ?" ವಿಲಾಸ ಕೇಳಿದ.

"ದಿನಾ ಬರೋ ಮಂದೀನ. ಕೇಳ್ರಿ."

ಅವಳ ತಲೆಯೊಳಗೆ ತಾಳ ಹಾಕುವ ಮುದುಕ ಕೆಮ್ಮಿದ್ದು ಸ್ಪೀಕರಿನಲ್ಲಿ ಕೇಳಿಸಿತು. ಅನ್ನದಲ್ಲಿ ವಿಷವಿದೆ ಎನ್ನುವ ಹೆಂಗಸು ಎಂದಿನಂತೆ ಗೊಣಗಿದಳು. ಚಂಪಾಬಾಯಿ ತಂಬೂರಿ ಮೀಟುತ್ತ ಇಬ್ಬರಿಗೂ ತಲೆದೂಗಿದಳು.

"ಇನ್ನೊಬ್ರಿದ್ದಾರ. ನೀವು ಚಿತ್ರಾ ತೆಗೆದಾಗಿಂದ ಬಂದು ಕೂತಾರ. ದೆವ್ವಾನ ಹೆಸರು ಹಿಡದು ಕರದ್ರ ಬೆಳಕಿಗೆ ಬರಲಿಕ್ಕೇ ಬೇಕು ಅಂತಿದ್ಲು ನಮ್ಮಜ್ಜಿ." ಅವಳು ಕಣ್ಣು ಮುಚ್ಚಿದಳು. "ಬರ್ರಿ, ವಿಲಾಸರಾಯರ."

ಒಳಗಿವಿಯಿಂದ ಸ್ಟುಡಿಯೋ ತುಂಬ ವಿಲಾಸನದೇ ದನಿ ಕೇಳಿಸಿತು: "ಹಾಡು ಸಾಕ್ರಿ. ನಾಕು ದಿನಾ ಗುಳಿಗಿ ಬಿಡ್ರಿ, ಆಮ್ಯಾಲೆ ಶೂಟಿಂಗ್ ಮಾಡೂಣು. ನಿಮಗ ಹುಚ್ಚು ಹಿಡದ್ರನ ಮಂದಿ ನೋಡ್ತಾರ."

"ಭ್ರಮೆ ಇದು! ಬಾಯಾರ ಭ್ರಮೆ!" ವಿಲಾಸ ಪ್ರಸಾರ ನಿಲ್ಲಿಸುವ ಗುಂಡಿಯತ್ತ ಕೈ ಚಾಚಿದ.

ಚಂಪಾಬಾಯಿ ಅವನ ಮಣಿಕಟ್ಟು ಹಿಡಿದಳು.

"ಭ್ರಮೆ ನಂದಾದ್ರ ನೀವ್ಯಾಕ್ರೀ ಬಂದ್ ಮಾಡ್ಲಿಕತ್ತೀರಿ? ಕೂಡ್ರಿ. ಇದು ಬರೇ ವಿಲಂಬಿತ್. ಜೋರಿನ ದ್ರುತ್ ಇನ್ನೂ ಬಾಕಿ ಅದ."