ಹುಟ್ಟಲಿರುವವಳ ನಗು

ಗರ್ಭ ತಪಾಸಣೆಯಲ್ಲಿ ದೋಷ ಕಂಡರೆ, ಆ ಮಗು ಮುಂದೆ ಹೇಗಿರುತ್ತದೆಂದು ಚಿತ್ರ ಬರೆಸಿ ಹೆತ್ತವರಿಗೆ ತೋರಿಸುವುದು ಆ ಕೇಂದ್ರದ ಪದ್ಧತಿ. ನೋಡಿದವರು ಸಾಮಾನ್ಯವಾಗಿ ಮಗು ಬೇಡವೆನ್ನುತ್ತಿದ್ದರು. ಚಿತ್ರ ಬರೆಯುವ ನೀಲಗಂಗಾ ತಾನೇ ಮೂರಡಿ ಎತ್ತರದವಳು. ಅಂದು ಬಂದದ್ದು ಅವಳಂಥದೇ ಮಗುವಿನ ವರದಿ. ಅವಳು ಬಾಯ್ತುಂಬ ನಗುವ ಹುಡುಗಿಯನ್ನು ಬರೆದಳು.

“ನಗು ಅಳಿಸಿ,” ಎಂದರು ಡಾಕ್ಟರು. “ಅವರಿಗೆ ನಿರ್ಧಾರ ಮಾಡೋದು ಕಷ್ಟವಾಗುತ್ತೆ.”

“ಈ ಮಗು ನಗೋದಿಲ್ಲ ಅಂತ ವರದಿಯಲ್ಲಿ ಎಲ್ಲಿದೆ ಸರ್?”

“ಅಳಿಸದಿದ್ದರೆ ಕೆಲಸ ಹೋಗುತ್ತೆ.”

“ಹೋಗಲಿ ಬಿಡಿ.”

ನೀಲಗಂಗಾ ಸ್ಟೂಲಿನಿಂದಿಳಿದು, ಹಸಿ ಚಿತ್ರವನ್ನು ತಾನೇ ಹೊರಗೊಯ್ದು, ವರದಿಗಾಗಿ ಕಾದು ಕೂತಿದ್ದ ಬಸುರಿಯ ಮುಂದೆ ಹಿಡಿದಳು. ಆಕೆ ಚಿತ್ರವನ್ನು ನೋಡಿದಳು, ನೀಲಗಂಗಾಳನ್ನು ನೋಡಿದಳು, ಮತ್ತೆ ಚಿತ್ರವನ್ನೇ ನೋಡಿದಳು. ಆಮೇಲೆ ಗಂಡನನ್ನು ಹತ್ತಿರ ಕರೆದಳು.

“ಹಲ್ಲು ನೋಡ್ರಿ, ಥೇಟ್ ನಿಮ್ಮವ್ವನವೇ.”