ಒಳಗೆ ಬಿಡಬಾರದ್ದು

“ವೆಬ್‌ಸೈಟ್ ಇವತ್ತೇ ಸ್ವಚ್ಛ ಆಗಬೇಕು ಸರ್. ಅಮ್ಮ ಆಸ್ಪತ್ರೆಯಿಂದ ಬರೋದ್ರೊಳಗೆ,” ಎಂದಳು ಅಕ್ಕ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು.

ಆ ಕಡೆ ವ್ಯಸನಮುಕ್ತಿ ಕೇಂದ್ರದ ಮೇಲ್ವಿಚಾರಕ ಆಕಳಿಸಿದ. “ಮಾಡಮ್ಮಾ. ಏನದು, ವೈರಸ್ಸಾ?”

“ಕಸ ಸರ್. ಕಣ್ಣಿಗೆ ಕಾಣದ ಹಾಗೆ ತುರುಕಿದಾರೆ. ನನ್ನ ತಮ್ಮನ ಪುಟದಲ್ಲೂ ಸೇರ್ಕೊಂಡಿದೆ.”

“ಅಯ್ಯೋ, ತೆಗಿ ತೆಗಿ. ನಾನು ಪರದೆ ಮೇಲೆ ಕಂಡಷ್ಟನ್ನ ಓದಿ ಬಿಡೋನು. ಹಿಂದಿನ ಮರ್ಮ ನಂಗೆಲ್ಲಿ ಗೊತ್ತಾಗುತ್ತೆ?”

ಕೇಂದ್ರದ ವೆಬ್‌ಸೈಟ್ ಕಟ್ಟಿಕೊಟ್ಟವಳು ಅವಳೇ. ಒಳಗಿರುವವರು ವಾರಕ್ಕೊಮ್ಮೆ ಅಲ್ಲಿ ಮನೆಗೆ ನಾಲ್ಕು ಮಾತು ಬರೆಯುತ್ತಾರೆ. ಮೇಲ್ವಿಚಾರಕ ಒಪ್ಪಿದರೆ ಮನೆಯವರಿಗೆ ಕಾಣುತ್ತದೆ. ತಮ್ಮ ಅಲ್ಲಿಗೆ ಹೋದಾಗಿನಿಂದ ಅಮ್ಮನ ಕಣ್ಣಿಗೆ ಆಪರೇಷನ್ನಿನ ಪಟ್ಟಿ. ಅವನ ಬರಹವನ್ನು ಅಕ್ಕನೇ ಓದಿ ಹೇಳುತ್ತಿದ್ದಳು. ಇವತ್ತು ಪಟ್ಟಿ ಬಿಚ್ಚುತ್ತಾರೆ.

ಅವಳು ಲೈಬ್ರರಿ ಜೋಡಿಸಿದಳು. ಯಾರೋ ಪುಣ್ಯಾತ್ಮರು ಬರೆದಿಟ್ಟ ಸಿದ್ಧ ಕೋಡು. ಅಕ್ಷರ ದಪ್ಪವೋ ಬಣ್ಣದ್ದೋ ಎಂದು ಪುಟಕ್ಕೆ ಹೇಳುವ ಟ್ಯಾಗುಗಳಲ್ಲಿ ಯಾವುದನ್ನು ಒಳಗೆ ಬಿಡಬೇಕೆಂದು ಹೇಳಿದರೆ ಸಾಕು, ಮಿಕ್ಕದ್ದನ್ನು ಕುತ್ತಿಗೆ ಹಿಡಿದು ದಬ್ಬುತ್ತದೆ. ಪ್ಯಾರಾ ಬರಲಿ. ದಪ್ಪಕ್ಷರ ಬರಲಿ. ಸ್ಕ್ರಿಪ್ಟು ಬೇಡ. ಬಣ್ಣ ಬೇಡ.

ಮೊದಲ ಪರೀಕ್ಷೆಯೇ ಕೈಕೊಟ್ಟಿತು. ಟ್ಯಾಗು ಹೋಗಿತ್ತು, ಅದರೊಳಗಿನ ಮಾತು ಪರದೆಯ ಮೇಲೆ ಕಪ್ಪಗೆ ಎದ್ದು ನಿಂತಿತ್ತು. ಟ್ಯಾಗಿನ ಜೊತೆಗೆ ಮಾತನ್ನೂ ಕೀಳುವಂತೆ ತಿದ್ದಿದಳು. ಹಳೆಯ ಬರಹಗಳನ್ನೆಲ್ಲ ಮತ್ತೊಮ್ಮೆ ಜಾಲಾಡಿಸಿದಳು. ಈಗ ಸ್ವಚ್ಛ.

ಬೆವರೊರೆಸಿಕೊಂಡು ಕಿಟಕಿ ತೆರೆದಳು. ತಮ್ಮನ ಕೋಣೆಯ ಈ ಕಿಟಕಿಗೆ ಅವಳ ಮೇಜು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತ್ತು. ಅವನ ಮಂಚ ಬಿಚ್ಚಿ ಅಟ್ಟ ಸೇರಿತ್ತು.

ಆಸ್ಪತ್ರೆಯಿಂದ ಬಂದವಳೇ, ಕಪ್ಪು ಕನ್ನಡಕ ಹಾಕಿಕೊಂಡೇ ಅಮ್ಮ ನೇರ ಕಂಪ್ಯೂಟರ್ ಮುಂದೆ ಬಂದು ಕೂತಳು. “ತೋರ್ಸೇ. ಅವನು ಸುಖವಾಗಿಲ್ಲ ಅಂದ್ರೆ ನಾಳೇನೇ ಹೋಗಿ ಕರ್ಕೊಂಡ್ ಬರ್ತೀನಿ.”

“ನಾನು ಓದಿ ಹೇಳಿದ್ದು ಸುಳ್ಳಾ ಅಮ್ಮಾ?”

“ನೀನು ಓದೋದು ವಾರ್ತೆ ಓದಿದ ಹಾಗೆ ಕಣೇ. ಹೆತ್ತ ಕರುಳು, ನಾನೇ ನೋಡ್ಬೇಕು.”

‘ನಾನು ಚೆನ್ನಾಗಿದ್ದೀನಿ ಅಮ್ಮ. ಊಟ ಚೆನ್ನಾಗಿದೆ.’ ಅಮ್ಮ ಎಂದಿನಂತೆ ಮೌಸು ಒತ್ತಿಹಿಡಿದು, ಒಂದೊಂದೇ ಸಾಲನ್ನು ನೀಲಿ ಮಾಡುತ್ತ ಓದಿದಳು. ಸಾಲು ಮುಗಿದ ಮೇಲೂ ಕೆಳಗಿನ ಖಾಲಿ ಜಾಗದುದ್ದಕ್ಕೂ ಎಳೆದಳು. “ಪುಟಕ್ಕೆ ಇಸ್ತ್ರಿ ಹಾಕ್ತಿದೀಯಾ?” ಎಂದು ತಮ್ಮ ಛೇಡಿಸುತ್ತಿದ್ದುದು ಈ ಅಭ್ಯಾಸಕ್ಕೇ.

ಒಂದೊಂದು ವಾರದ ಬರಹವನ್ನೂ ಹಾಗೇ ನೋಡಿದಳು. ಎಲ್ಲದರಲ್ಲೂ ಅದೇ ಎರಡು ಸಾಲು.

“ಸದ್ಯ,” ಅಮ್ಮ ಉಸಿರುಬಿಟ್ಟಳು. “ಹಾಗಿದ್ರೆ ಇನ್ನೊಂದು ವರ್ಷ ಅಲ್ಲೇ ಇರ್ಲಿ ಬಿಡು.”

“ನಿನ್ನಿಷ್ಟ ಅಮ್ಮಾ,” ಎಂದಳು ಅಕ್ಕ.

ಆ ಖಾಲಿ ಜಾಗದಲ್ಲಿ, ಬಿಳಿಯ ಮೇಲೆ ಬಿಳಿ ಅಕ್ಷರದಲ್ಲಿ, ಅಮ್ಮನ ಮೌಸಿಗೆ ಮಾತ್ರ ಸಿಗಲೆಂದು ತಮ್ಮ ಬರೆಯುತ್ತಿದ್ದ ‘ಅಮ್ಮಾ, ಕಟ್ಟಿಹಾಕಿ ಹೊಡೀತಾರೆ, ಬಂದು ಕರ್ಕೊಂಡ್ ಹೋಗು’ ಎಂಬ ಸಾಲನ್ನು ಅಕ್ಕ ಮೊದಲ ವಾರವೇ ಓದಿದ್ದಳು.