ಅವ್ವನ ಅಳತೆಯ ಹಳಿ

ನಿಮ್ಮ ಶಾಲೆಯ, ನಿಮ್ಮ ಬ್ಯಾಂಕಿನ, ನಿಮ್ಮ ಮದುವೆ ಮಂಟಪದ ಮೆಟ್ಟಿಲ ಪಕ್ಕದಲ್ಲಿ ಗಾಲಿಕುರ್ಚಿಗೊಂದು ಇಳಿಜಾರು ಇದೆಯೆಂದು ನೆಮ್ಮದಿಯಿಂದಿರುವವರೇ, ಅದರ ಮೇಲೆ ಒಂದೇ ಒಂದು ಕುರ್ಚಿ ಏರಿಹೋದದ್ದನ್ನು ನೀವು ಕಣ್ಣಾರೆ ಕಂಡಿದ್ದೀರಾ?

ಮಸ್ಕಿಯ ಕಹಕಶಾ ಆ ದಿನ ಲಿಂಗಸುಗೂರಿನ ಖಾಸಗಿ ಪ್ರೌಢಶಾಲೆಯೊಂದಕ್ಕೆ ಬಂದದ್ದು ಮಾದರಿ ಪಾಠ ಮಾಡಲೆಂದು. ಪಾಠ ಮೆಚ್ಚುಗೆಯಾದರೆ ಸಮಾಜ ವಿಜ್ಞಾನದ ಶಿಕ್ಷಕಿಯ ಹುದ್ದೆ ಆಕೆಯದು. ವಿಷಯವನ್ನು ಶಾಲೆಯವರೇ ಕೊಟ್ಟಿದ್ದರು: ರೈಲು ಹಳಿಗಳ ನಡುವಿನ ಅಗಲ ದೇಶದಲ್ಲೆಲ್ಲ ಒಂದೇ ಏಕೆ ಇರಬೇಕು? ತಮ್ಮ ಮಂಜೂರ್ ಆಟೋ ನಿಲ್ಲಿಸಿ, ಮಡಚಿದ ಗಾಲಿಕುರ್ಚಿಯನ್ನು ಬಿಡಿಸಿ ಇಟ್ಟ. ಆಕೆ ತನ್ನ ಕೈಗಳ ಬಲದಿಂದಲೇ ಅದಕ್ಕೆ ಸರಿದು ಕುಳಿತಳು. ಮೆಟ್ಟಿಲ ಪಕ್ಕದಲ್ಲಿ ಅಂಚು ಎತ್ತಿದ ಎರಡು ಕಬ್ಬಿಣದ ಪಟ್ಟಿಗಳು ಹಳಿಗಳಂತೆ ಜಗುಲಿಗೆ ಏರಿದ್ದವು. ನಡುವೆ ಬರಿಯ ಸಂದಿ. ಎಡಗಾಲಿ ಒಂದು ಪಟ್ಟಿಯೊಳಗೆ ಸರಿಯಾಗಿ ಕುಳಿತಿತು. ಬಲಗಾಲಿ ಇನ್ನೊಂದು ಪಟ್ಟಿಯನ್ನು ಮುಟ್ಟದೆ, ನಡುವಿನ ಸಂದಿಯ ಗಾಳಿಯಲ್ಲಿ ನಿಂತಿತು.

“ಆಪಾ, ಅರ್ಧ ನೀ ಒಳಗ, ಅರ್ಧ ಹೊರಗ,” ಎಂದ ಮಂಜೂರ್. “ಪಗಾರಾನೂ ಅರ್ಧಾನೇ ಕೊಡ್ತಾರೇನೋ.”

ಶಾಲೆಯ ಕಾರ್ಯದರ್ಶಿ ಹೊನ್ನೂರಪ್ಪ ಹೊರಗೆ ಬಂದರು. ಕುರ್ಚಿ ಏರದಿರುವುದನ್ನು ಕಂಡು ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. ತೀರಿಹೋದ ತಾಯಿಯ ನೆನಪಿಗೆಂದು ತಾವೇ ಕಟ್ಟಿಸಿದ ದಾರಿ ಅದು. ಆ ತಾಯಿಯ ಹೆಸರು ಕೆತ್ತಿದ ಕಲ್ಲು ಜಗುಲಿಯ ಗೋಡೆಯಲ್ಲಿ, ಎರಡು ಪಟ್ಟಿಗಳ ನಡುವೆ ಎದ್ದು ಕಾಣುತ್ತಿತ್ತು.

“ಅಳತಿ ತಪ್ಪಿಲ್ಲ ತಂಗಿ,” ಎಂದರು ಅವರು. “ನಮ್ಮವ್ವನ ಗಾಲಿಕುರ್ಚಿ ಮುಂದ ಇಟ್ಕೊಂಡೇ ಬೆಸಿಗಿ ಹಾಕಿಸೀನಿ.”

ಅಷ್ಟಕ್ಕೇ ಬಿಡದೆ, ಹತ್ತನೆಯ ತರಗತಿಯ ನಾಲ್ವರನ್ನು ಕರೆದು, ಟೀಚರನ್ನು ಕುರ್ಚಿ ಸಮೇತ ಎತ್ತಿ ಒಳಗಿಡಲು ಹೇಳಿದರು. ಹುಡುಗರು ತೋಳು ಮಡಚಿದರು. ಕಹಕಶಾ ಎರಡೂ ಗಾಲಿಗಳನ್ನು ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು.

“ಬ್ಯಾಡ್ರಿ ಸರ್. ಗುಂತಕಲ್ ಸ್ಟೇಷನ್ನಾಗ ನಮ್ಮ ದಾದಾ, ಅಂದ್ರ ನಮ್ಮಜ್ಜ, ಇದೇ ಕೆಲಸ ಮಾಡ್ತಿದ್ರು. ಸಣ್ಣ ಹಳಿ ಗಾಡಿಯಾಗಿನ ಮೂಟಿ ದೊಡ್ಡ ಹಳಿ ಗಾಡಿಗೆ ಹೊರೋದು. ನಾ ಮೂಟಿ ಅಲ್ರಿ. ಮಕ್ಕಳನ್ನ ಇಲ್ಲೇ ಕರಸ್ರಿ, ಪಾಠ ಇಲ್ಲೇ ಮಾಡ್ತೀನಿ.”

ಎಂಟನೆಯ ತರಗತಿ ಬೇವಿನ ನೆರಳಿಗೆ ಬಂದು ಕುಳಿತಿತು. ಒಂದೇ ದೇಶದಲ್ಲಿ ಬೇರೆ ಬೇರೆ ಅಗಲದ ಹಳಿ ಹೇಗೆ ಬಂತೆಂದು ಆಕೆ ಹೇಳಿದಳು. ಒಬ್ಬರು ಅಗಲವೇ ಗಟ್ಟಿಯೆಂದರು, ಇನ್ನೊಬ್ಬರು ಕಿರಿದೇ ಅಗ್ಗವೆಂದರು; ತಮ್ಮ ತಮ್ಮ ಮಟ್ಟಿಗೆ ಇಬ್ಬರ ಲೆಕ್ಕವೂ ಸರಿಯೇ. ಆದರೆ ಎರಡು ಲೆಕ್ಕಗಳು ಸೇರುವ ಊರಿನಲ್ಲಿ ರೈಲು ನಿಂತಿತು, ಮುದುಕರು ಗಂಟು ಹೊತ್ತು ಇಳಿದರು, ಕಾಳಿನ ಚೀಲ ಮಳೆಯಲ್ಲಿ ನೆನೆಯಿತು, ಹಮಾಲರ ಬೆನ್ನು ಬಾಗಿತು. ಸಿಂಧನೂರಿನ ರೈಲು ನೋಡಿದವರು ಯಾರೆಂದು ಕೇಳಿದಾಗ ಹಲವು ಕೈಗಳು ಎದ್ದವು. ಹಳಿ ಎಲ್ಲೆಡೆ ಒಂದೇ ಆದುದರಿಂದಲೇ ಆ ಗಾಡಿ ಯಾರನ್ನೂ ನಡುದಾರಿಯಲ್ಲಿ ಇಳಿಸಬೇಕಾಗಿಲ್ಲ ಎಂದಳು. ಆಮೇಲೆ ಕುರ್ಚಿಯನ್ನು ಪಟ್ಟಿಗೆ ತಂದು ನಿಲ್ಲಿಸಿ, ಗಾಳಿಯಲ್ಲಿ ನಿಂತ ಗಾಲಿಯನ್ನು ಕೈಯಿಂದ ಒಮ್ಮೆ ತಿರುಗಿಸಿದಳು. ಮಕ್ಕಳು ನಗಲಿಲ್ಲ.

ಹೊನ್ನೂರಪ್ಪನವರ ಮನಸ್ಸು ಕರಗಿತು. ಪಾಠ ಚೆನ್ನಾಗಾಯಿತು, ಹುದ್ದೆ ನಿಮಗೇ ಎಂದು ತಿಳಿಯಿರಿ ಎಂದವರೇ, ಅಲ್ಲಿಯೇ ಬೆಸುಗೆಯವನಿಗೆ ಫೋನು ಹಚ್ಚಿ, ಈ ಟೀಚರ ಕುರ್ಚಿಯ ಅಳತೆಗೆ ಪಟ್ಟಿ ಸರಿಸಿಕೊಡಬೇಕೆಂದು ಹೇಳತೊಡಗಿದರು. ಹ್ಞೂಂ ಅನ್ನು ಎಂಬಂತೆ ಮಂಜೂರ್ ಅಕ್ಕನ ಭುಜ ಒತ್ತಿದ.

“ಅದೂ ಬ್ಯಾಡ್ರಿ ಸರ್,” ಎಂದಳು ಕಹಕಶಾ. “ಅಮ್ಮಾರ ಅಳತಿ ಕಿತ್ತು ನನ್ನ ಅಳತಿ ಹಾಕಿಸಿದ್ರ, ನಾಳೆ ಬರಾಕಿ ನನ್ನಂಗ ಹೊರಗ ನಿಂದರ್ತಾಳ. ಪಟ್ಟಿ ಸರಿಸಬ್ಯಾಡ್ರಿ, ಸಂದಿ ತುಂಬಿಸಿ ದಾರಿ ಅಗಲ ಮಾಡಸ್ರಿ. ಯಾರ ಗಾಲಿ ಬಂದ್ರೂ ಹತ್ತಲಿ.”

ಅವರು ಕಲ್ಲಿನ ಕಡೆ ನೋಡಿದರು. ಫೋನು ಕೈಯಲ್ಲೇ ಉಳಿಯಿತು.

“ಸಂದಿ ತುಂಬಿದ್ರ ಅವ್ವನ ಹೆಸರು ಮುಚ್ಚಿಹೋಗ್ತೈತಲ್ಲ ತಂಗಿ.”

“ಕಲ್ಲು ಕಿತ್ತು ಮ್ಯಾಲೆ ಬಾಗಲ ಹತ್ತಿರ ಕೂಡಸ್ರಿ. ಹತ್ತಿ ಬಂದವರು ಓದ್ತಾರ.”

ಹೊನ್ನೂರಪ್ಪನವರು ವಿಚಾರ ಮಾಡೋಣವೆಂದರು. ಮಸ್ಕಿಯ ದಾರಿಯುದ್ದಕ್ಕೂ ಮಂಜೂರ್ ಮುಖ ಊದಿಸಿಕೊಂಡೇ ಆಟೋ ಓಡಿಸಿದ. ಕೈಗೆ ಬಂದ ಕೆಲಸವನ್ನು ಕಂಡರಿಯದ ಯಾರಿಗಾಗಿಯೋ ಬಿಟ್ಟುಬಂದಳೆಂಬುದು ಅವನ ಸಿಟ್ಟು. ಮುಂದಿನ ವಾರ ಶಾಲೆಯಿಂದ ಫೋನು ಬಂತು. ಹುದ್ದೆ ಆಕೆಗೇ ಎಂದು ನಿಶ್ಚಯವಾಗಿದೆ, ಸಂದಿಯ ಕೆಲಸ ಮುಂದೆ ನೋಡೋಣ, ಅಲ್ಲಿಯವರೆಗೆ ಹುಡುಗರು ದಿನವೂ ಎತ್ತಿ ಒಳಗಿಡುತ್ತಾರೆ ಎಂದರು ಹೊನ್ನೂರಪ್ಪ. ಅವರ ದನಿಯಲ್ಲಿ ಪ್ರೀತಿಯೇ ಇತ್ತು.

“ಸಂದಿ ತುಂಬಿದ ದಿನಾನೇ ಬರ್ತೀನ್ರಿ ಸರ್,” ಎಂದಳು ಕಹಕಶಾ.

ಎಂಟನೆಯ ತರಗತಿಗೆ ಇನ್ನೂ ಸಮಾಜ ವಿಜ್ಞಾನದ ಟೀಚರಿಲ್ಲ. ಸಂದಿ ಹಾಗೆಯೇ ಇದೆ. ಅದರಾಚೆಯ ಕಲ್ಲಿಗೆ ಮಾತ್ರ ಹೊಸ ಹೂಮಾಲೆ ಬಿದ್ದಿದೆ. ಓದಿದವರೇ, ನಾಳೆ ನಿಮ್ಮ ಬಾಗಿಲಿನ ಇಳಿಜಾರಿಗೆ ನಿಮ್ಮ ಮನೆಯದಲ್ಲದ ಒಂದು ಗಾಲಿಕುರ್ಚಿಯನ್ನು ಕರೆತನ್ನಿ. ಅದು ಏರದಿದ್ದರೆ, ಅದರಲ್ಲಿ ಕುಳಿತವರನ್ನು ಎತ್ತಲು ಹೋಗಬೇಡಿ. ಗಾರೆಯವನನ್ನು ಕರೆಯಿರಿ.